ಬೋಟಿನ ಬ್ಯಾಟರಿ ಸತ್ತರೆ ಎಸ್‌ಒಎಸ್ ಒತ್ತೋದು ಹೇಗೆ? ಆನ್‌ಬೋರ್ಡ್ ಚಾರ್ಜರ್ ಆಯ್ಕೆ, ಜೋಡಣೆ ಮತ್ತು ಅದರ ಹಿಂದಿನ ರಾಜಕಾರಣ

2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಒಂದು ಯೋಜನೆಗೆ ಚಾಲನೆ ಕೊಟ್ಟರು. ದೇಶದ ಕರಾವಳಿ ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇಸ್ರೋ ಅಭಿವೃದ್ಧಿಪಡಿಸಿದ ಉಪಗ್ರಹ ಟ್ರಾನ್ಸ್‌ಪಾಂಡರ್ ಅಳವಡಿಸೋ ಯೋಜನೆ ಅದು. ವೆಚ್ಚ ಸುಮಾರು 360 ಕೋಟಿ ರೂಪಾಯಿ. ಮೊಬೈಲ್ ಸಿಗ್ನಲ್ ಸಿಗದ ದೂರದಿಂದಲೂ ಮೀನುಗಾರರು ಸಂದೇಶ ಕಳಿಸಬಹುದು, ಚಂಡಮಾರುತದ ಎಚ್ಚರಿಕೆ ಪಡೆಯಬಹುದು, ಕಷ್ಟ ಬಂದ್ರೆ ಬಟನ್ ಒತ್ತಬಹುದು.

ಒಳ್ಳೆ ಯೋಜನೆ. ಬೇಕಿತ್ತು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಮೀನುಗಾರರು ಅದಾಗಲೇ ಸಮುದ್ರದಲ್ಲಿದ್ದರು, ಎಚ್ಚರಿಕೆ ಅವರನ್ನ ಮುಟ್ಟಲೇ ಇಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟ್ ಏಳು ಮೀನುಗಾರರೊಂದಿಗೆ ಸಂಪರ್ಕ ಕಡಿದುಕೊಂಡಿತು. ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ. ಆ ದುರಂತಕ್ಕೆ ಬ್ಯಾಟರಿ ಕಾರಣ ಅಂತ ನಾವು ಹೇಳ್ತಿಲ್ಲ. ಆದ್ರೆ ಬೋಟು ಮತ್ತು ದಡದ ನಡುವಿನ ಸಂಪರ್ಕ ಎಷ್ಟು ತೆಳು ದಾರ ಅನ್ನೋದನ್ನ ಕರಾವಳಿ ಅವತ್ತು ನೋಡಿತು.

ಆ ದಾರದ ಈ ಕಡೆಯ ತುದಿ ಕಟ್ಟಿರೋದು ಬೋಟಿನೊಳಗಿನ ಒಂದು ಬ್ಯಾಟರಿಗೆ. ವಿಎಚ್‌ಎಫ್ ರೇಡಿಯೋ, ಜಿಪಿಎಸ್, ಫಿಶ್ ಫೈಂಡರ್, ದಿಕ್ಕಿನ ದೀಪ, ತಳದ ನೀರೆತ್ತೋ ಬಿಲ್ಜ್ ಪಂಪ್, ದೊಡ್ಡ ಬೋಟುಗಳಲ್ಲಿ ಎಐಎಸ್ ಎಲ್ಲವೂ ಕೊನೆಗೆ ಕೇಳೋದು 12 ಅಥವಾ 24 ವೋಲ್ಟ್. ಸಾಧನ ಯಾರು ಕೊಟ್ರು ಅನ್ನೋ ಫೋಟೋ ಪತ್ರಿಕೆಯಲ್ಲಿ ಬರುತ್ತೆ. ಬ್ಯಾಟರಿ ಯಾರು ತುಂಬಿಸ್ತಾರೆ ಅನ್ನೋದು ಬರೋದಿಲ್ಲ.

ಈ ಲೇಖನ ಅದರ ಬಗ್ಗೆ. ಬೋಟಿಗೆ ಆನ್‌ಬೋರ್ಡ್ ಚಾರ್ಜರ್ ಆರಿಸೋದು ಹೇಗೆ, ಕೂರಿಸೋದು ಹೇಗೆ, ಎಲ್ಲಿ ತಪ್ಪುತ್ತೆ ಅನ್ನೋದನ್ನ ನೋಡೋಣ. ಕೊನೆಯಲ್ಲಿ ಇದರಲ್ಲಿ ಸರ್ಕಾರದ ಪಾಲೇನು ಅನ್ನೋ ಪ್ರಶ್ನೆ ಇದೆ. ನಿಮ್ಮ ಮನೆಯಲ್ಲಿ ಬೋಟಿದ್ರೆ ಇದು ಕೈಪಿಡಿ. ಇಲ್ಲದಿದ್ರೆ, ಮುಂದಿನ ಬಾರಿ ಬಂದರು ಅಭಿವೃದ್ಧಿ ಅಂತ ಯಾರಾದ್ರೂ ಭಾಷಣ ಮಾಡಿದಾಗ ಏನು ಕೇಳಬೇಕು ಅನ್ನೋದಕ್ಕೆ ಒಂದು ಪಟ್ಟಿ.

ಆನ್‌ಬೋರ್ಡ್ ಚಾರ್ಜರ್ ಅಂದ್ರೆ ಏನು?

ದಡದ 230 ವೋಲ್ಟ್ ಕರೆಂಟನ್ನ ಬ್ಯಾಟರಿಗೆ ಬೇಕಾದ ಡಿಸಿಗೆ ಬದಲಿಸಿ, ಹಂತ ಹಂತವಾಗಿ ತುಂಬಿಸೋ ಪೆಟ್ಟಿಗೆ. ಬೋಟಿನೊಳಗೇ ಕಾಯಂ ಆಗಿ ಕೂರಿಸಿರ್ತಾರೆ. ಬೋಟು ದಕ್ಕೆಗೆ ಬಂದು ನಿಂತಾಗ ಪ್ಲಗ್ ಚುಚ್ಚಿದ್ರೆ ಆಯ್ತು, ಬ್ಯಾಟರಿ ಬಿಚ್ಚೋ ಕೆಲಸ ಇಲ್ಲ.

ಈಗ ಸಣ್ಣ ಬೋಟಿನವರು ಏನು ಮಾಡ್ತಾರೆ? ಬ್ಯಾಟರಿ ಬಿಚ್ಚಿ, ಹೆಗಲ ಮೇಲೋ ಆಟೋದಲ್ಲೋ ಹೊತ್ತು ಮನೆಗೆ ಅಥವಾ ಬ್ಯಾಟರಿ ಅಂಗಡಿಗೆ ಒಯ್ತಾರೆ. 100 ಎಎಚ್ ಬ್ಯಾಟರಿ ಅಂದ್ರೆ 25–30 ಕಿಲೋ ಭಾರ. ಪ್ರತಿಸಲ ಬಿಚ್ಚಿ ಹಾಕಿದಾಗ ಟರ್ಮಿನಲ್ ಸಡಿಲ ಆಗುತ್ತೆ, ಉಪ್ಪು ಹಿಡಿಯುತ್ತೆ. ಒಂದಿನ ಸುಸ್ತಾಗಿ 'ನಾಳೆ ಒಯ್ಯೋಣ' ಅಂತ ಬಿಟ್ರೆ, ಆ ನಾಳೆ ಸಮುದ್ರದಲ್ಲಿ ಇರ್ತೀರಿ.

'ಎಂಜಿನ್‌ನಲ್ಲೇ ಆಲ್ಟರ್ನೇಟರ್ ಇದೆಯಲ್ಲ, ಚಾರ್ಜರ್ ಯಾಕೆ?' ಅನ್ನೋದು ಸಹಜ ಪ್ರಶ್ನೆ. ಹತ್ತು ದಿನ ಸಮುದ್ರದಲ್ಲೇ ಇರೋ ಆಳಸಮುದ್ರ ಟ್ರಾಲ್ ಬೋಟಿಗೆ ಇದು ಬಹುಮಟ್ಟಿಗೆ ಸರಿ, ಎಂಜಿನ್ ಓಡ್ತಾನೇ ಇರುತ್ತೆ. ಆದ್ರೆ ಮೂರು ಸಂದರ್ಭದಲ್ಲಿ ಅದು ಸಾಲೋದಿಲ್ಲ. ಒಂದು, ಔಟ್‌ಬೋರ್ಡ್ ಎಂಜಿನ್ ಹಾಕಿದ ನಾಡದೋಣಿ. ಇಂಥ ಎಷ್ಟೋ ಎಂಜಿನ್‌ಗಳಲ್ಲಿ ಚಾರ್ಜಿಂಗ್ ಕಾಯಿಲ್ ಇರೋದಿಲ್ಲ, ಇದ್ರೂ ಕೊಡೋದು ಕಡಿಮೆ ಆಂಪಿಯರ್. ಎರಡು, ಎಂಜಿನ್ ನಿಲ್ಲಿಸಿ ರಾತ್ರಿಯಿಡೀ ಬಲೆ ಬಿಟ್ಟು ಕಾಯೋ ಗಿಲ್‌ನೆಟ್ ಬೋಟು. ಮೂರು, ಮಳೆಗಾಲದ ರಜೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳು ದಕ್ಕೆಯಲ್ಲಿ ಒಂದಕ್ಕೊಂದು ತಾಗಿ ನಿಂತಿರ್ತವೆ. ನೀರು ಹಾಕುವ ಲೆಡ್-ಆ್ಯಸಿಡ್ ಬ್ಯಾಟರಿ ಸುಮ್ಮನೆ ಕೂತ್ರೂ ತಾನೇ ತಾನಾಗಿ ಇಳಿಯುತ್ತೆ, ಸೆಕೆ ಹೆಚ್ಚಿದಷ್ಟೂ ಬೇಗ. ಅರ್ಧ ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ರೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ಮೊದಲಿನ ಸಾಮರ್ಥ್ಯ ಬರೋದಿಲ್ಲ. ಆಗಸ್ಟಿನಲ್ಲಿ ಹೊಸ ಬ್ಯಾಟರಿ ಕೊಳ್ಳೋ ಖರ್ಚಿನ ಹಿಂದೆ ಎಷ್ಟೋ ಸಲ ಇರೋದು ಜೂನ್‌ನ ಈ ನಿರ್ಲಕ್ಷ್ಯ.

ಇನ್ನೊಂದು ಅಪಾಯ ಇದೆ. ಜೋರು ಮಳೆಯಲ್ಲಿ ನಿಂತ ಬೋಟಿಗೆ ನೀರು ತುಂಬುತ್ತೆ. ಆಟೋಮ್ಯಾಟಿಕ್ ಬಿಲ್ಜ್ ಪಂಪ್ ಎರಡು ದಿನ ಎತ್ತಿ ಹಾಕುತ್ತೆ. ಮೂರನೇ ದಿನ ಬ್ಯಾಟರಿ ಖಾಲಿ. ಆಮೇಲೆ ಬೋಟು ಕಟ್ಟಿದ ಜಾಗದಲ್ಲೇ ಮುಳುಗುತ್ತೆ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಚಾರ್ಜರ್ ಎಷ್ಟು ಆಂಪಿಯರ್‌ದು ಬೇಕು ಅಂತ ಅಂಗಡಿಯವರನ್ನ ಕೇಳೋ ಮೊದಲು, ಒಂದು ರಾತ್ರಿಗೆ ನಿಮ್ಮ ಬೋಟು ಎಷ್ಟು ತಿನ್ನುತ್ತೆ ಅಂತ ಲೆಕ್ಕ ಹಾಕಿ. ಸಾಧನ ಎಳೆಯೋ ಆಂಪಿಯರನ್ನ ಓಡೋ ಗಂಟೆಯಿಂದ ಗುಣಿಸಿದ್ರೆ ಆಂಪಿಯರ್-ಅವರ್, ಅಂದ್ರೆ ಎಎಚ್. 12 ವೋಲ್ಟಿನ ಒಂದು ಸಣ್ಣ ಗಿಲ್‌ನೆಟ್ ಬೋಟಿನ ಉದಾಹರಣೆ ನೋಡಿ:

- ವಿಎಚ್‌ಎಫ್ ಸುಮ್ಮನೆ ಆನ್ ಇರೋದು: 0.5 ಆಂಪಿಯರ್ × 12 ಗಂಟೆ = 6 ಎಎಚ್
- ವಿಎಚ್‌ಎಫ್‌ನಲ್ಲಿ ಮಾತಾಡೋದು: 6 ಆಂಪಿಯರ್ × ಅರ್ಧ ಗಂಟೆ = 3 ಎಎಚ್
- ಜಿಪಿಎಸ್ ಮತ್ತು ಫಿಶ್ ಫೈಂಡರ್: 1.5 ಆಂಪಿಯರ್ × 10 ಗಂಟೆ = 15 ಎಎಚ್
- ಎಲ್‌ಇಡಿ ದಿಕ್ಕಿನ ದೀಪಗಳು: 1 ಆಂಪಿಯರ್ × 12 ಗಂಟೆ = 12 ಎಎಚ್
- ಕ್ಯಾಬಿನ್ ದೀಪ: 1 ಆಂಪಿಯರ್ × 6 ಗಂಟೆ = 6 ಎಎಚ್
- ಬಿಲ್ಜ್ ಪಂಪ್: 4 ಆಂಪಿಯರ್ × 1 ಗಂಟೆ = 4 ಎಎಚ್
- ಮೊಬೈಲ್ ಚಾರ್ಜಿಂಗ್: 4 ಎಎಚ್

ಒಟ್ಟು 50 ಎಎಚ್. ಇವು ಅಂದಾಜಿನ ಅಂಕಿ, ನಿಮ್ಮ ಸಾಧನದ ಹಿಂದೆ ಬರೆದಿರೋದನ್ನ ನೋಡಿ ತಿದ್ದಿಕೊಳ್ಳಿ. ಲೆಡ್-ಆ್ಯಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದ್ರೆ ಆಯುಷ್ಯ ಕುಗ್ಗುತ್ತೆ. ಹಾಗಾಗಿ 50 ಎಎಚ್ ಬಳಸೋಕೆ ಕನಿಷ್ಠ 100 ಎಎಚ್ ಬ್ಯಾಟರಿ ಬೇಕು.

ಈಗ ಚಾರ್ಜರ್. ಲೆಡ್-ಆ್ಯಸಿಡ್ ಬ್ಯಾಟರಿಗೆ ಹಾಕಿದ್ದೆಲ್ಲ ಉಳಿಯೋದಿಲ್ಲ, ಸುಮಾರು 85% ಅಂತ ಇಟ್ಕೊಳ್ಳಿ. ಅಂದ್ರೆ 50 ಎಎಚ್ ವಾಪಸ್ ತುಂಬೋಕೆ 59 ಎಎಚ್ ಹಾಕಬೇಕು. 10 ಆಂಪಿಯರ್ ಚಾರ್ಜರ್ ಆದ್ರೆ 6 ಗಂಟೆ. ಕೊನೆಯ ಹಂತದಲ್ಲಿ ಬ್ಯಾಟರಿ ನಿಧಾನಕ್ಕೆ ಕುಡಿಯೋದ್ರಿಂದ ಇನ್ನೂ ಎರಡು ಮೂರು ಗಂಟೆ ಸೇರಿಸಿ, ಒಟ್ಟು 8–9 ಗಂಟೆ. 20 ಆಂಪಿಯರ್ ಚಾರ್ಜರ್ ಆದ್ರೆ ಸುಮಾರು 6 ಗಂಟೆ. ಆಂಪಿಯರ್ ದುಪ್ಪಟ್ಟಾದ್ರೂ ಸಮಯ ಅರ್ಧ ಆಗಲಿಲ್ಲ ಅನ್ನೋದನ್ನ ಗಮನಿಸಿ. ಕೊನೆಯ ಹಂತವನ್ನ ಯಾವ ಚಾರ್ಜರೂ ಓಡಿಸೋಕಾಗಲ್ಲ.

ಹೆಬ್ಬೆರಳ ನಿಯಮ ಅಂತ ಬೇಕಿದ್ರೆ: ನೀರು ಹಾಕುವ ಬ್ಯಾಟರಿಗೆ ಅದರ ಎಎಚ್‌ನ 10ರಿಂದ 20% ಆಂಪಿಯರ್. 100 ಎಎಚ್‌ಗೆ 10–20 ಆಂಪಿಯರ್. ಬೋಟು ದಕ್ಕೆಯಲ್ಲಿ ಎಷ್ಟು ಗಂಟೆ ನಿಲ್ಲುತ್ತೆ ಅನ್ನೋದರ ಮೇಲೆ ನಡುವೆ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡಿ.

ಈ ಲೆಕ್ಕದಿಂದ ಇನ್ನೊಂದು ವಿಷಯ ಗೊತ್ತಾಗುತ್ತೆ. 59 ಎಎಚ್ ಅನ್ನೋದು ವಿದ್ಯುತ್ ಮೀಟರಿನಲ್ಲಿ, ಚಾರ್ಜರಿನ ನಷ್ಟ ಸೇರಿಸಿದ್ರೂ, ಹೆಚ್ಚುಕಡಿಮೆ ಒಂದು ಯೂನಿಟ್. ಒಂದು ಬೋಟಿನ ರೇಡಿಯೋ, ದೀಪ, ಪಂಪ್ ಎಲ್ಲವನ್ನೂ ಒಂದು ರಾತ್ರಿ ಜೀವಂತ ಇಡೋಕೆ ದಡದಲ್ಲಿ ಬೇಕಿರೋದು ಒಂದೇ ಯೂನಿಟ್ ಕರೆಂಟು. ಈ ಅಂಕಿ ನೆನಪಿರಲಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತೆ.

ಚಾರ್ಜರ್ ಕೊಳ್ಳುವಾಗ ನೋಡಬೇಕಾದ ಆರು ವಿಷಯ

*ಒಂದು: 12ಓ 24ಓ?* ಸಣ್ಣ ಬೋಟುಗಳಲ್ಲಿ 12 ವೋಲ್ಟ್, ದೊಡ್ಡ ಎಂಜಿನ್‌ನ ಬೋಟುಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್. ಇಲ್ಲೊಂದು ಮಾಮೂಲಿ ತಪ್ಪಿದೆ. 24 ವೋಲ್ಟಿನ ಬೋಟಿನಲ್ಲಿ 12 ವೋಲ್ಟಿನ ರೇಡಿಯೋ ಹಾಕೋಕೆ ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರ್ ಎಳೆಯೋದು. ಆ ಬ್ಯಾಟರಿ ದಿನಾ ಹೆಚ್ಚು ಇಳಿಯುತ್ತೆ, ಇನ್ನೊಂದು ಇಳಿಯೋದಿಲ್ಲ. 24 ವೋಲ್ಟ್ ಚಾರ್ಜರ್ ಎರಡನ್ನೂ ಒಂದೇ ಅಂತ ನೋಡುತ್ತೆ. ಒಂದು ಅತಿಯಾಗಿ ತುಂಬಿ ಕುದಿಯುತ್ತೆ, ಇನ್ನೊಂದು ಯಾವತ್ತೂ ತುಂಬೋದೇ ಇಲ್ಲ, ಕೊನೆಗೆ ಎರಡೂ ಹಾಳು. ಇದಕ್ಕೆ ಪರಿಹಾರ 24ರಿಂದ 12ಕ್ಕೆ ಇಳಿಸೋ ಡಿಸಿ-ಡಿಸಿ ಕನ್ವರ್ಟರ್. ಇಲ್ಲವೇ, ಪ್ರತಿ ಬ್ಯಾಟರಿಗೂ ಪ್ರತ್ಯೇಕ, ಪರಸ್ಪರ ಸಂಬಂಧ ಇಲ್ಲದ ಔಟ್‌ಪುಟ್ ಇರೋ ಎರಡು ಬ್ಯಾಂಕಿನ ಚಾರ್ಜರ್.

*ಎರಡು: ಎಷ್ಟು ಬ್ಯಾಂಕ್?* ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿ ಬೇರೆ, ದೀಪ-ರೇಡಿಯೋದ ಬ್ಯಾಟರಿ ಬೇರೆ ಇರಬೇಕು. ರಾತ್ರಿಯಿಡೀ ದೀಪ ಉರಿಸಿ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗದೆ ಇರೋದು ಬರೀ ತೊಂದರೆ ಅಲ್ಲ, ಗಾಳಿ ಎದ್ದ ದಿನ ಅದು ಪ್ರಾಣಕ್ಕೆ ಬರುತ್ತೆ. ಎರಡು ಬ್ಯಾಟರಿ ಇದ್ರೆ ಎರಡು ಬ್ಯಾಂಕಿನ ಚಾರ್ಜರ್ ತಗೊಳ್ಳಿ. '20 ಆಂಪಿಯರ್' ಅಂತ ಪೆಟ್ಟಿಗೆ ಮೇಲೆ ಬರೆದಿದ್ರೆ, ಅದು ಬ್ಯಾಂಕಿಗೆ 20 ಆಂಪಿಯರೋ, ಎರಡಕ್ಕೂ ಸೇರಿ 20 ಆಂಪಿಯರೋ ಅಂತ ಕೇಳಿ. ಬಹಳ ಸಲ ಎರಡನೆಯದೇ ಆಗಿರುತ್ತೆ.

*ಮೂರು: ಬ್ಯಾಟರಿಯ ಜಾತಿ.* ಬ್ಯಾಟರಿ ಲೋಕದಲ್ಲಿ ಮಾತ್ರ ಜಾತಿ ಕೇಳಲೇಬೇಕು. ನೀರು ಹಾಕುವ ಬ್ಯಾಟರಿಗೆ ತುಂಬಿಸೋ ವೋಲ್ಟೇಜ್ 14.4ರಿಂದ 14.8, ಎಜಿಎಂಗೆ 14.4ರಿಂದ 14.7, ಜೆಲ್‌ಗೆ 14.1ರ ಆಸುಪಾಸು. ಜೆಲ್ ಬ್ಯಾಟರಿಗೆ 14.8 ಕೊಟ್ರೆ ಒಳಗೆ ಗುಳ್ಳೆ ಎದ್ದು ಕಾಯಂ ಹಾಳಾಗುತ್ತೆ. ತುಂಬಿದ ಮೇಲೆ ಸುಮಾರು 13.5ಕ್ಕೆ ಇಳಿದು ಹಿಡಿದಿಡೋ 'ಫ್ಲೋಟ್' ಹಂತ ಇರಲೇಬೇಕು. 61 ದಿನದ ರಜೆಯಲ್ಲಿ ಬ್ಯಾಟರಿ ಕಾಪಾಡೋದು ಈ ಹಂತವೇ. ಮೀಟರ್ ಮುಳ್ಳು ಮಾತ್ರ ಇರೋ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗೆ ನಿಲ್ಲಿಸೋದು ಗೊತ್ತಿಲ್ಲ. ರಾತ್ರಿ ಹಾಕಿ ಮರೆತರೆ ಬೆಳಿಗ್ಗೆ ನೀರು ಆವಿಯಾಗಿರುತ್ತೆ.

*ನಾಲ್ಕು: ಲಿಥಿಯಂ.* ಎಲ್‌ಎಫ್‌ಪಿ ಬ್ಯಾಟರಿಗಳು ಹಗುರ, 80% ಬಳಸಿದ್ರೂ ತೊಂದರೆ ಇಲ್ಲ, ಬೇಗ ತುಂಬುತ್ತವೆ. ಆದ್ರೆ ಅವುಗಳಿಗೆ ಅವುಗಳದ್ದೇ ಸೆಟ್ಟಿಂಗ್ ಇರೋ ಚಾರ್ಜರ್ ಬೇಕು, ಡೀಸಲ್ಫೇಶನ್ ಅಥವಾ ಈಕ್ವಲೈಜ್ ಮೋಡ್ ತಾನಾಗೇ ಆನ್ ಆಗೋ ಚಾರ್ಜರ್ ಕೂಡದು. ಎಂಜಿನ್‌ನ ಆಲ್ಟರ್ನೇಟರಿಗೆ ನೇರ ಕಟ್ಟಬೇಡಿ. ಲಿಥಿಯಂ ಒಂದೇ ಸಮ ಎಳೆಯುತ್ತೆ, ಆಲ್ಟರ್ನೇಟರ್ ಕಾದು ಸುಡಬಹುದು. ಬ್ಯಾಟರಿಯೊಳಗಿನ ಬಿಎಂಎಸ್ ತಟ್ಟನೆ ಕಡಿದುಕೊಂಡ್ರೆ ವೋಲ್ಟೇಜ್ ಜಿಗಿದು ಸಾಧನಗಳು ಹೋಗಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಸ್ಟಾರ್ಟಿಂಗ್ ಬ್ಯಾಟರಿ ಮಾತ್ರ ಲೆಡ್-ಆ್ಯಸಿಡ್ಡೇ ಇರಲಿ.

*ಐದು: ಸೆಕೆ.* ಎಂಜಿನ್ ರೂಮಿನಲ್ಲಿ 45 ಡಿಗ್ರಿ ದೊಡ್ಡ ಮಾತಲ್ಲ. ಚಾರ್ಜಿಂಗ್ ವೋಲ್ಟೇಜುಗಳೆಲ್ಲ 25 ಡಿಗ್ರಿಗೆ ಹೇಳಿದ್ದು. ಅದಕ್ಕಿಂತ ಮೇಲಿನ ಪ್ರತಿ ಡಿಗ್ರಿಗೂ 12 ವೋಲ್ಟ್ ಲೆಡ್-ಆ್ಯಸಿಡ್ ಬ್ಯಾಟರಿಗೆ 18ರಿಂದ 30 ಮಿಲಿವೋಲ್ಟ್ ಇಳಿಸಬೇಕು. 20 ಡಿಗ್ರಿ ಹೆಚ್ಚಾದ್ರೆ ಅರ್ಧ ವೋಲ್ಟಿನಷ್ಟು ವ್ಯತ್ಯಾಸ. ಟೆಂಪರೇಚರ್ ಸೆನ್ಸರ್ ವೈರ್ ಇರೋ ಚಾರ್ಜರ್ ಇದನ್ನ ತಾನೇ ಮಾಡುತ್ತೆ. ನಮ್ಮ ಕರಾವಳಿಗೆ ಇದು ಐಷಾರಾಮ ಅಲ್ಲ.

*ಆರು: ನೀರು, ಉಪ್ಪು.* ಐಪಿ67 ಅಂದ್ರೆ ದೂಳು ಹೋಗೋದಿಲ್ಲ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ತಡೆಯುತ್ತೆ. ತೆರೆದ ದೋಣಿಗೆ ಇದು ಬೇಕೇ ಬೇಕು. ಮುಚ್ಚಿದ ವೀಲ್‌ಹೌಸ್ ಇರೋ ಬೋಟಿಗೆ ಸ್ವಲ್ಪ ಕಡಿಮೆಯಾದ್ರೂ ನಡೆಯುತ್ತೆ. ಫ್ಯಾನ್ ಇರೋ ಚಾರ್ಜರ್ ಉಪ್ಪು ಗಾಳಿಯನ್ನ ಒಳಗೆಳೆದು ತಾನೇ ತುಕ್ಕು ಹಿಡಿಸಿಕೊಳ್ಳುತ್ತೆ. ಆದಷ್ಟು ಫ್ಯಾನ್ ಇಲ್ಲದ್ದು ನೋಡಿ.

ಕೂರಿಸೋದು: ಜಾಗ, ವೈರು, ಫ್ಯೂಸು

*ಜಾಗ.* ಚಾರ್ಜರನ್ನ ಬ್ಯಾಟರಿಯ ನೇರ ಮೇಲೆ ಇಡಬೇಡಿ. ತುಂಬೋ ಹೊತ್ತಲ್ಲಿ ಲೆಡ್-ಆ್ಯಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತೆ. ಅದು ಗಾಳಿಗಿಂತ ಹಗುರ, ಮೇಲೇರುತ್ತೆ. ಗಾಳಿಯಲ್ಲಿ 4% ಸೇರಿದ್ರೆ ಒಂದು ಕಿಡಿಗೆ ಸ್ಫೋಟ ಆಗಬಹುದು. ಬ್ಯಾಟರಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿ ಹೊರಹೋಗೋ ಕಿಂಡಿ ಇರಲಿ. ಪೆಟ್ರೋಲ್ ಟ್ಯಾಂಕಿನ ಜಾಗದಲ್ಲಿ ಚಾರ್ಜರ್ ಬೇಡವೇ ಬೇಡ. ಮರದ ಅಥವಾ ಫೈಬರ್ ಗೋಡೆಗೆ, ಬಿಲ್ಜ್ ನೀರು ಮುಟ್ಟದ ಎತ್ತರದಲ್ಲಿ, ಹಿಂಬದಿಯ ರೆಕ್ಕೆಗಳು ಮೇಲೆ-ಕೆಳಗೆ ಬರೋ ಹಾಗೆ ಕೂರಿಸಿ. ಸುತ್ತ ಒಂದು ಗೇಣು ಜಾಗ ಬಿಡಿ. ಅದರ ಮೇಲೆ ಬಲೆ, ರೈನ್‌ಕೋಟು ಹೇರಬೇಡಿ.

ಬ್ಯಾಟರಿಗಳನ್ನೂ ಬಿಗಿಯಾಗಿ ಕಟ್ಟಿ. ಅಲೆಗೆ ಮಗುಚಿ ಆ್ಯಸಿಡ್‌ಗೆ ಸಮುದ್ರದ ನೀರು ಸೇರಿದ್ರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತೆ.

*ವೈರು.* ಹೆಚ್ಚಿನ ಜೋಡಣೆಗಳು ಸೋಲೋದು ಇಲ್ಲಿ. ಚಾರ್ಜರಿನಿಂದ ಬ್ಯಾಟರಿಗೆ 3 ಮೀಟರ್ ದೂರ, ಅಂದ್ರೆ ಹೋಗಿ ಬರೋಕೆ 6 ಮೀಟರ್ ತಂತಿ, 20 ಆಂಪಿಯರ್ ಕರೆಂಟು ಅಂತ ಇಟ್ಕೊಳ್ಳಿ. ಮನೆಯ ವೈರಿಂಗಿಗೆ ಬಳಸೋ 2.5 ಚದರ ಮಿ.ಮೀ. ತಾಮ್ರದ ವೈರ್ ಹಾಕಿದ್ರೆ ದಾರಿಯಲ್ಲೇ 0.84 ವೋಲ್ಟ್ ಕಳೆದುಹೋಗುತ್ತೆ. ಚಾರ್ಜರ್ 14.4 ಕಳಿಸಿದ್ರೂ ಬ್ಯಾಟರಿಗೆ ಮುಟ್ಟೋದು 13.56. ಚಾರ್ಜರ್ 'ತುಂಬ್ತಾ ಬಂತು' ಅಂದ್ಕೊಂಡು ಬೇಗನೇ ಆಂಪಿಯರ್ ಇಳಿಸುತ್ತೆ. 6 ಚದರ ಮಿ.ಮೀ. ಹಾಕಿದ್ರೆ ನಷ್ಟ 0.35 ವೋಲ್ಟ್, 10 ಹಾಕಿದ್ರೆ 0.21. ನಷ್ಟ 3% ಒಳಗಿರಬೇಕು ಅನ್ನೋದು ಲೆಕ್ಕ. ಅಂದ್ರೆ ಇಲ್ಲಿ 6 ಕನಿಷ್ಠ, 10 ಉತ್ತಮ.

ಸಾಧ್ಯವಾದ್ರೆ ತವರ ಲೇಪಿಸಿದ, ಸಣ್ಣ ಸಣ್ಣ ಎಳೆಗಳ ತಾಮ್ರದ ವೈರ್ ಬಳಸಿ. ಬರೀ ತಾಮ್ರ ಉಪ್ಪು ಗಾಳಿಗೆ ಒಳಗೊಳಗೇ ಹಸಿರಾಗುತ್ತೆ. ತುದಿಗೆ ರಿಂಗ್ ಲಗ್ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿಸಿ. ತಿರುಚಿ ಇನ್ಸುಲೇಶನ್ ಟೇಪ್ ಸುತ್ತೋ ಪದ್ಧತಿ ಮನೆಯಲ್ಲೇ ತಪ್ಪು, ಬೋಟಿನಲ್ಲಿ ಅಪರಾಧ.

*ಫ್ಯೂಸು.* ಪ್ರತಿ ಪಾಸಿಟಿವ್ ವೈರಿಗೂ ಒಂದು ಫ್ಯೂಸ್, ಅದೂ ಬ್ಯಾಟರಿಯ ತುದಿಯಲ್ಲಿ. ಯಾಕೆ ಬ್ಯಾಟರಿ ತುದಿ? ಚಾರ್ಜರ್ ಕೊಡೋದು ಹೆಚ್ಚೆಂದ್ರೆ 20 ಆಂಪಿಯರ್. ಆದ್ರೆ ವೈರ್ ಸವೆದು ಶಾರ್ಟ್ ಆದ್ರೆ ಬ್ಯಾಟರಿ ಸಾವಿರಕ್ಕೂ ಹೆಚ್ಚು ಆಂಪಿಯರ್ ಸುರಿಯುತ್ತೆ, ವೈರೇ ಬೆಂಕಿಕಡ್ಡಿ ಆಗುತ್ತೆ. ಅಮೆರಿಕದ ಬೋಟ್ ಮಾನದಂಡ ಎಬಿವೈಸಿ ಹೇಳೋ ಸಾಮಾನ್ಯ ನಿಯಮ 7 ಇಂಚಿನೊಳಗೆ, ಅಂದ್ರೆ ಸುಮಾರು 18 ಸೆಂ.ಮೀ. 20 ಆಂಪಿಯರ್ ಚಾರ್ಜರಿಗೆ 25 ಅಥವಾ 30ರ ಫ್ಯೂಸ್ ಸಾಕು. ಫ್ಯೂಸ್ ಹೋದಾಗ ಬೆಳ್ಳಿ ಕಾಗದ ಸುತ್ತಿ ಹಾಕೋ ಜಾಣತನ ಬೇಡ.

230 ವೋಲ್ಟ್ ಕಡೆ: ಇಲ್ಲಿ ತಪ್ಪಿಗೆ ಎರಡನೇ ಅವಕಾಶ ಇಲ್ಲ

ಡಿಸಿ ಭಾಗವನ್ನ ತಿಳಿದವರು ತಾವೇ ಮಾಡಬಹುದು. ದಡದ ಕರೆಂಟಿನ ಭಾಗ ಮಾತ್ರ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೆಲಸ. ಮೂರು ಮಾತು ನೆನಪಿರಲಿ.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಪಾಯಿಂಟಿಗೆ ಪ್ಲಗ್ ಚುಚ್ಚಬೇಡಿ. ಒದ್ದೆ ಮೈ, ಒದ್ದೆ ಡೆಕ್ಕು, ಕಬ್ಬಿಣದ ಬೋಟು ಇರೋ ಕಡೆ ಎಂಸಿಬಿ ಒಂದೇ ನಿಮ್ಮನ್ನ ಕಾಪಾಡೋದಿಲ್ಲ. ಅದು ವೈರನ್ನ ಕಾಪಾಡೋಕೆ ಇರೋದು. ಸೋರಿಕೆಯನ್ನ ಹಿಡಿದು ಕಣ್ಣು ಮಿಟುಕಿಸೋದರಲ್ಲಿ ಕಡಿಯೋದು ಆರ್‌ಸಿಸಿಬಿ.

ಅರ್ಥಿಂಗ್ ವೈರ್ ಕತ್ತರಿಸಬೇಡಿ. 'ಅರ್ಥ್ ಕೊಟ್ರೆ ಬೋಟಿನ ಲೋಹ ಕರಗುತ್ತೆ' ಅನ್ನೋ ಮಾತು ದಕ್ಕೆಗಳಲ್ಲಿ ಇದೆ. ಅದು ಪೂರ್ತಿ ಸುಳ್ಳಲ್ಲ. ಅರ್ಥ್ ವೈರಿನ ಮೂಲಕ ನಿಮ್ಮ ಬೋಟು, ಪಕ್ಕದ ಬೋಟು, ಜೆಟ್ಟಿಯ ಕಬ್ಬಿಣ ಎಲ್ಲ ಒಂದಾಗಿ, ಉಪ್ಪುನೀರಿನಲ್ಲಿ ಅವೇ ಒಂದು ದೊಡ್ಡ ಬ್ಯಾಟರಿ ಆಗಿಬಿಡ್ತವೆ. ಆಗ ಸವೆಯೋದು ಜಿಂಕ್ ತುಂಡು, ಅಲ್ಯುಮಿನಿಯಂ ಭಾಗ. ಆದ್ರೆ ಅದಕ್ಕೆ ಪರಿಹಾರ ಅರ್ಥ್ ಕತ್ತರಿಸೋದಲ್ಲ, ಅರ್ಥ್ ದಾರಿಯಲ್ಲಿ ಗ್ಯಾಲ್ವನಿಕ್ ಐಸೊಲೇಟರ್ ಹಾಕೋದು. ಲೋಹ ಉಳಿಸೋಕೆ ಹೋಗಿ ಮನುಷ್ಯರನ್ನ ಕಳ್ಕೊಳ್ಳೋದು ಯಾವ ಲೆಕ್ಕ?

ಕ್ರಮ ತಪ್ಪಿಸಬೇಡಿ. ಜೋಡಿಸುವಾಗ ಮೊದಲು ಬ್ಯಾಟರಿ ಕಡೆಯ ವೈರ್, ಆಮೇಲೆ ದಡದ ಪ್ಲಗ್. ಬಿಚ್ಚುವಾಗ ಮೊದಲು ಪ್ಲಗ್, ಆಮೇಲೆ ಬ್ಯಾಟರಿ. ಉಲ್ಟಾ ಮಾಡಿದ್ರೆ ಟರ್ಮಿನಲ್ ಬಳಿ ಕಿಡಿ ಹಾರುತ್ತೆ, ಅಲ್ಲೇ ಹೈಡ್ರೋಜನ್ ಇರುತ್ತೆ.

ಕೊನೆಗೆ ಪರೀಕ್ಷೆ. ಸಾಧಾರಣ ಮಲ್ಟಿಮೀಟರ್ ಸಾಕು. ಚಾರ್ಜ್ ಆಗುವಾಗ ಚಾರ್ಜರಿನ ತುದಿಯಲ್ಲೂ ಬ್ಯಾಟರಿಯ ತುದಿಯಲ್ಲೂ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ಇದ್ರೆ ವೈರ್ ಅಥವಾ ಲಗ್ ಸರಿ ಇಲ್ಲ. ಚಾರ್ಜ್ ಮುಗಿದು ಕೆಲವು ಗಂಟೆ ಬಿಟ್ಟು ನೋಡಿದಾಗ ಲೆಡ್-ಆ್ಯಸಿಡ್ ಬ್ಯಾಟರಿ 12.7ರ ಹತ್ತಿರ ಇದ್ರೆ ಪೂರ್ತಿ ತುಂಬಿದೆ, 12.2 ಇದ್ರೆ ಅರ್ಧ, 12ಕ್ಕಿಂತ ಕೆಳಗಿದ್ರೆ ಸಮುದ್ರಕ್ಕೆ ಹೋಗೋ ಸ್ಥಿತಿಯಲ್ಲಿಲ್ಲ. ಈ ಮೂರು ಅಂಕಿಗಳನ್ನ ವೀಲ್‌ಹೌಸಿನ ಗೋಡೆಗೆ ಬರೆದಿಡಿ.

ದಕ್ಕೆಯಲ್ಲಿ ಪ್ಲಗ್ಗೇ ಇಲ್ಲದಿದ್ರೆ?

ಇಷ್ಟೆಲ್ಲ ಓದಿದವರಿಗೆ ಬರೋ ನ್ಯಾಯವಾದ ಪ್ರಶ್ನೆ ಇದು. ಚಾರ್ಜರ್ ಇದ್ರೂ ದಡದಲ್ಲಿ ಕರೆಂಟ್ ಪಾಯಿಂಟ್ ಬೇಕಲ್ಲ?

ತಾತ್ಕಾಲಿಕ ಉತ್ತರ ಸೋಲಾರ್. 100 ವ್ಯಾಟ್ ಪ್ಯಾನಲ್, ಒಂದು ಎಂಪಿಪಿಟಿ ಕಂಟ್ರೋಲರ್ ಇದ್ರೆ ಬಿಸಿಲ ದಿನಗಳಲ್ಲಿ ಸಣ್ಣ ಬೋಟಿನ ಖರ್ಚಿನ ದೊಡ್ಡ ಭಾಗ ಬರುತ್ತೆ. ಹಗಲು ಹೊತ್ತು ಸಮುದ್ರದಲ್ಲೂ ತುಂಬುತ್ತೆ ಅನ್ನೋದು ಲಾಭ. ಆದ್ರೆ ಜೂನ್-ಜುಲೈನ ಕರಾವಳಿಯ ಮೋಡದಲ್ಲಿ ಅದನ್ನೇ ನಂಬಿ ಕೂರೋಕಾಗಲ್ಲ. ಬಿಲ್ಜ್ ಪಂಪಿಗೆ ಅತಿ ಹೆಚ್ಚು ಕೆಲಸ ಬೀಳೋದು ಅದೇ ತಿಂಗಳುಗಳಲ್ಲಿ.

ಕಾಯಂ ಉತ್ತರ ದಡದಲ್ಲೇ ಇದೆ, ಅದು ರಾಜಕೀಯ ಉತ್ತರ. ಕೇರಳದ ವೈಕಂನಲ್ಲಿ 2017ರಿಂದ 'ಆದಿತ್ಯ' ಅನ್ನೋ ಸೋಲಾರ್ ದೋಣಿ ಪ್ರಯಾಣಿಕರನ್ನ ದಾಟಿಸ್ತಿದೆ. 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋದ ಬೋಟುಗಳು ಬ್ಯಾಟರಿಯಲ್ಲೇ ಓಡ್ತವೆ, ಅವುಗಳಿಗಾಗಿ ದಡದಲ್ಲಿ ಚಾರ್ಜಿಂಗ್ ವ್ಯವಸ್ಥೆ ಕಟ್ಟಿದ್ದಾರೆ. ಅಂದ್ರೆ ಉಪ್ಪು ಗಾಳಿಯಲ್ಲಿ, ಮಳೆಯಲ್ಲಿ, ನೀರಿನ ಅಂಚಿನಲ್ಲಿ ಸುರಕ್ಷಿತವಾಗಿ ಕರೆಂಟ್ ಕೊಡೋ ತಂತ್ರಜ್ಞಾನ ನಮ್ಮ ಪಕ್ಕದಲ್ಲೇ ಇದೆ. ಪ್ರಯಾಣಿಕರ ಬೋಟಿಗೆ ಆಗೋದು ಮೀನುಗಾರರ ಬೋಟಿಗೆ ಯಾಕಾಗಬಾರದು? ಅವರು ಕೇಳ್ತಿರೋದು ಬೋಟು ಓಡಿಸೋ ಕರೆಂಟಲ್ಲ, ದಿನಕ್ಕೆ ಒಂದು ಯೂನಿಟ್.

2020ರಲ್ಲಿ 20,050 ಕೋಟಿ ರೂಪಾಯಿಯ ಹೂಡಿಕೆಯೊಂದಿಗೆ ಘೋಷಣೆಯಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಂದರು ಅಭಿವೃದ್ಧಿಯೂ ಇದೆ, ಸಾಂಪ್ರದಾಯಿಕ ಬೋಟುಗಳಿಗೆ ಸಂಪರ್ಕ ಸಾಧನ ಕೊಡೋದೂ ಇದೆ. ಹಾಗಾಗಿ ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ಕಾರವಾರ, ಎಲ್ಲೇ ಆಗಲಿ ಈ ಪ್ರಶ್ನೆಗಳನ್ನ ಕೇಳಬೇಕು:

- ಜೆಟ್ಟಿಯಲ್ಲಿ ಬೋಟು ನಿಲ್ಲೋ ಕಡೆ ಆರ್‌ಸಿಸಿಬಿ, ಅರ್ಥಿಂಗ್ ಇರೋ ನೀರು ನಿರೋಧಕ ಪಾಯಿಂಟುಗಳು ಎಷ್ಟಿವೆ? ಕೊನೆಯ ಬಾರಿ ಪರೀಕ್ಷೆ ಮಾಡಿದ್ದು ಯಾವಾಗ?
- ಬಿಲ್ ಯಾರು ಕಟ್ಟಬೇಕು? ಬಂದರಿನ ಲೆಕ್ಕವೋ, ಸಂಘದ ಮೀಟರೋ, ಪ್ರತಿ ಬೋಟಿನದ್ದೋ?
- ಟ್ರಾನ್ಸ್‌ಪಾಂಡರ್ ಅಳವಡಿಸಲು ಬಂದವರು ಬೋಟಿನ ಬ್ಯಾಟರಿ, ವೈರಿಂಗ್ ನೋಡ್ತಾರಾ? ಆ ಸಾಧನಕ್ಕೆ ಸ್ವಂತ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಬೋಟಿನವರಿಗೆ ಹೇಳ್ತಾರಾ?
- ಬೋಟಿನ ವಾರ್ಷಿಕ ತಪಾಸಣೆಯಲ್ಲಿ ಲೈಫ್ ಜಾಕೆಟ್ ಎಣಿಸುವಾಗ ಬ್ಯಾಟರಿಗೂ ಒಂದು ಮಲ್ಟಿಮೀಟರ್ ಹಿಡೀತಾರಾ?
- ಕರಾವಳಿಯ ಐಟಿಐಗಳಲ್ಲಿ ಬೋಟ್ ವೈರಿಂಗ್ ಅಂತ ಒಂದು ಸಣ್ಣ ಕೋರ್ಸ್ ಶುರು ಮಾಡೋಕೆ ಏನು ಅಡ್ಡಿ?

ಇದರಲ್ಲಿ ಇನ್ನೊಂದು ಅಸಮಾನತೆ ಇದೆ, ಅದನ್ನ ಬರೆಯದೆ ಮುಗಿಸೋದು ಸರಿಯಲ್ಲ. ಬ್ಯಾಟರಿ ಯಾವಾಗ ಬದಲಿಸಬೇಕು, ಚಾರ್ಜರ್ ಹಾಕಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಬೋಟಿನ ಮಾಲೀಕರು. ಅದೇ ಬ್ಯಾಟರಿಯನ್ನ ನಂಬಿ ಸಮುದ್ರಕ್ಕೆ ಹೋಗೋದು ತಂಡೇಲರು ಮತ್ತು ಕಲಾಸಿಗಳು. ಮಂಗಳೂರು, ಮಲ್ಪೆಯ ಬೋಟುಗಳಲ್ಲಿ ಇವತ್ತು ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದ ಕಾರ್ಮಿಕರೂ ಇದ್ದಾರೆ. ಭಾಷೆ ಬಾರದ ಹುಡುಗನೊಬ್ಬ ಹೊರಡೋ ಮುಂಚೆ 'ಅಣ್ಣ, ಬ್ಯಾಟರಿ ಎಷ್ಟಿದೆ' ಅಂತ ಕೇಳೋ ಧೈರ್ಯ ಮಾಡೋದು ಕಷ್ಟ. ಅವನ ಪರವಾಗಿ ಆ ಪ್ರಶ್ನೆಯನ್ನ ನಿಯಮ ಕೇಳಬೇಕು.

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಹೊರಡ್ತವೆ. ಅದಕ್ಕೆ ಮುಂಚೆ ಜುಲೈ ಕೊನೆಯ ವಾರದಲ್ಲಿ ಒಂದು ದಿನ, ಸಂಘದ ಕಚೇರಿಯೋ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗವೋ ಸೇರಿ ದಕ್ಕೆಯಲ್ಲಿ ಬ್ಯಾಟರಿ ತಪಾಸಣೆ ಮಾಡಿದ್ರೆ ಸಾಕು, ಶುರು ಆದಂತೆ. ಬೇಕಿರೋದು ಒಂದು ಮಲ್ಟಿಮೀಟರ್, ಒಂದು ಡಬ್ಬಿ ಡಿಸ್ಟಿಲ್ಡ್ ವಾಟರ್, ಸ್ಪ್ಯಾನರ್ ಸೆಟ್ಟು. 12.7, 12.2, 12 ಅನ್ನೋ ಮೂರು ಅಂಕಿ ಈಗ ನಿಮಗೂ ಗೊತ್ತು.